ಓದುಗರ ಪ್ರಶ್ನೆ: ಮೂರೂವರೆ ವರ್ಷಕ್ಕೇ ಅ ಆ ಇ ಈ ಬರೆಸಬೇಕಾ?

ಪುಟ್ಟ ಮಕ್ಕಳ ಓದು-ಬರಹದ ಬಗ್ಗೆ ಏನಿದ್ದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು: ಪಕ್ಕದ ಮನೆ ಮಗು ಬರೆಯುತ್ತದೆ, ನಮ್ಮದು ಬರೆಯೋದಿಲ್ಲ. ಹಾಗಾಗಿ ಅದನ್ನೇ ಮೊದಲು ಎತ್ತಿಕೊಂಡಿದ್ದೇನೆ, ಉತ್ತರ ಸ್ವಲ್ಪ ಉದ್ದವಾಗಿದೆ, ಓದಿಕೊಳ್ಳಿ.

ನನ್ನ ಮಗಳಿಗೆ ಮೂರೂವರೆ ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಬೇಕು. ನಮ್ಮ ಬೀದಿಯಲ್ಲಿ ಅವಳದೇ ವಯಸ್ಸಿನ ಹುಡುಗ ಅ-ದಿಂದ ಅಃ-ವರೆಗೆ ತಪ್ಪಿಲ್ಲದೆ ಬರೆಯುತ್ತಾನೆ. ಇವಳು ಗೋಡೆ ತುಂಬಾ ಗೀಚುತ್ತಾಳೆ ಅಷ್ಟೇ. ಕೈ ಹಿಡಿದು ತಿದ್ದಿಸಲು ಕೂತರೆ ಎದ್ದು ಓಡುತ್ತಾಳೆ. ಏನು ಮಾಡಲಿ? — ಒಬ್ಬ ತಾಯಿ, ದಾವಣಗೆರೆ

ಓಡಲಿ ಬಿಡಿ. ತಮಾಷೆಗೆ ಹೇಳುತ್ತಿಲ್ಲ. ಮೂರೂವರೆ ವರ್ಷದ ಬೆರಳುಗಳಿಗೆ ಪೆನ್ಸಿಲ್ ಹಿಡಿದು ‘ಆ’ ಬರೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಮ್ಮ ಅಕ್ಷರಗಳು ಬೇರೆ ಎಲ್ಲಾ ಸುರುಳಿ ಸುರುಳಿ, ನೇರ ಗೆರೆ ಎಂಬುದು ತೀರಾ ಕಡಿಮೆ. ಗೋಡೆ ಮೇಲೆ ಗೀಚುತ್ತಾಳಲ್ಲ, ಅದೇ ಅವಳ ಬರವಣಿಗೆಯ ಮೊದಲ ಪಾಠ. ಗೋಡೆ ಹಾಳಾಗುತ್ತದೆ ಅಂತಿದ್ದರೆ ಕೆಳಗಡೆ ಒಂದು ಹಳೇ ಕ್ಯಾಲೆಂಡರ್ ತಿರುಗಿಸಿ ಅಂಟಿಸಿ.

ಬೆರಳಿಗೆ ಶಕ್ತಿ ಬರಲು ನೋಟ್‌ಬುಕ್ಕೇ ಬೇಕಾಗಿಲ್ಲ. ಅವರೆಕಾಯಿ ಸೀಸನ್‌ನಲ್ಲಿ ನಿಮ್ಮ ಪಕ್ಕ ಕೂತು ಕಾಯಿ ಬಿಡಿಸಲಿ. ಚಪಾತಿ ಹಿಟ್ಟಿನ ಉಂಡೆ ಕೊಡಿ, ಹಾವು ಮಾಡಲಿ, ಆ ಹಾವನ್ನು ಸುತ್ತಿಸಿದರೆ ‘ಉ’ ಥರ ಏನೋ ಒಂದು ಆಗುತ್ತದೆ, ಆಗ ನೀವು “ಅರೆ, ಇದು ಉಂಡೆಯ ಉ ಅಲ್ವಾ!” ಎನ್ನಿ, ಮುಂದಕ್ಕೆ ಹೋಗಿ. ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕುವಾಗ ಅವಳಿಗೂ ನಾಲ್ಕು ಚುಕ್ಕಿ ಇಟ್ಟುಕೊಡಿ. ಹುಣಸೆ ಬೀಜ ಹಿಡಿದು ಅಳಗುಳಿ ಮಣೆಯ ಗುಳಿಗೆ ಒಂದೊಂದಾಗಿ ಹಾಕುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಬೇಕಾದ ಬೆರಳುಗಳು ಅವೇ. ಬೀಜ ಬಾಯಿಗೆ ಹೋಗದಂತೆ ಒಂದು ಕಣ್ಣಿಟ್ಟಿರಿ. ತಟ್ಟೆಯಲ್ಲಿ ಅಕ್ಕಿಯೋ ಮರಳೋ ಹರಡಿ ಬೆರಳಲ್ಲಿ ಬರೆಸಬಹುದು. ವಿಜಯದಶಮಿಯ ಅಕ್ಷರಾಭ್ಯಾಸದಲ್ಲಿ ಇದನ್ನೇ ಮಾಡಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ, ಮಾರನೇ ದಿನ ಅಕ್ಕಿ ಡಬ್ಬಕ್ಕೆ, ಮಗುವಿನ ಕೈಗೆ ನಾಲ್ಕು ಗೆರೆಯ ಪುಸ್ತಕ! ಹಿಂದೆ ಕೂಲಿಮಠಗಳಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಗಳಲ್ಲಿ, ಮಕ್ಕಳು ಮರಳಲ್ಲೇ ತಿದ್ದುತ್ತಿದ್ದರು. ತಪ್ಪಾದರೆ ಕೈಯಾಡಿಸಿದರೆ ಮುಗೀತು, ರಬ್ಬರ್ ಹುಡುಕುವ ಕೆಲಸವಿಲ್ಲ, ಪುಟ ಹರಿಯುವ ಭಯವಿಲ್ಲ.

ಇನ್ನು ಆ ಹುಡುಗ ಅ-ದಿಂದ ಅಃ-ವರೆಗೆ ಬರೆಯುತ್ತಾನೆ ಎಂದಿರಿ. ಸಂತೋಷ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು (ಅವರಮ್ಮನ ಎದುರಿಗೆ ಬೇಡ). ನಡುವಿನ ‘ಎ’ ಒಂದನ್ನೇ ತೋರಿಸಿ ಇದು ಯಾವುದು ಕೇಳಿ. ಎಷ್ಟೋ ಮಕ್ಕಳು ಅ ಆ ಇ ಈ ಎಂದು ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿಗೆ ತಲುಪುತ್ತಾರೆ. ಅಂದರೆ ಅದು ಅವರಿಗೆ ಹಾಡಿನ ಸಾಲು, ಗುರುತಿಸಿದ ಅಕ್ಷರವಲ್ಲ.

ವರ್ಣಮಾಲೆಯ ಕ್ರಮ ಬಹಳ ಚೆಂದದ್ದು, ಬಾಯಿಯೊಳಗೆ ಯಾವ ಧ್ವನಿ ಎಲ್ಲಿ ಹುಟ್ಟುತ್ತದೆ ಎಂದು ನೋಡಿ ಜೋಡಿಸಿದ್ದು. ಓದು ಶುರು ಮಾಡುವವರಿಗೆ ಆ ಕ್ರಮವೇ ಬೇಕು ಅಂತೇನಿಲ್ಲ. ಚಾರ್ಟಿನಲ್ಲಿ ಋಷಿಯೂ ಬಾಣವೂ ಮಗುವಿಗೆ ದಿನಾ ಎದುರಾಗುವಂಥವೇ? ‘ಙ’ಗೆ ಯಾವ ಚಿತ್ರ ಬರೆಯುತ್ತೀರಿ? ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಈ ಕ್ರಮವನ್ನು ಯಾವತ್ತೋ ಬಿಟ್ಟಿದ್ದಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಗೊತ್ತಾದರೆ ಸಾಕು, ಮಗು ಅದೇ ವಾರ ಸರ, ಅರಸ, ಅಗಸ, ಗರಗಸ, ದಸರ ಎಲ್ಲಾ ಓದಿಬಿಡುತ್ತದೆ. ಕಾಗುಣಿತವೂ ಬೇಡ, ಒತ್ತೂ ಬೇಡ. “ನಾನು ಓದಿದೆ” ಎಂಬ ಖುಷಿ ಐದನೇ ಅಕ್ಷರಕ್ಕೇ ಸಿಗುತ್ತದೆ. ಚಾರ್ಟ್ ಹಿಡಿದು ಹೋದರೆ ಐದನೇ ಅಕ್ಷರಕ್ಕೆ ‘ಉ’ ಬಂದಿರುತ್ತದೆ, ಓದಲು ಒಂದು ಪದವೂ ಇರುವುದಿಲ್ಲ.

ಇದಕ್ಕಿಂತ ಮಜಾ ಇನ್ನೊಂದಿದೆ. ನಿಮ್ಮ ಮಗಳಿಗೆ ಅತಿ ಇಷ್ಟದ ಪದಗಳು ಯಾವುವು? ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅನ್ನ, ಹಣ್ಣು, ಬೆಕ್ಕು, ಹಕ್ಕಿ. ಎಲ್ಲದರಲ್ಲೂ ಒತ್ತಕ್ಷರ! ನಾವು ಕಲಿಸುವುದು ಒತ್ತಕ್ಷರವನ್ನು ಕಟ್ಟಕಡೆಗೆ. ಅಲ್ಲಿಯವರೆಗೆ ಮಗು ‘ಅಮ್ಮ’ ಅಂತ ಓದಬಾರದಾ? ಓದಬಹುದು. ಬಿಡಿಸಿ ಓದಬೇಕಿಲ್ಲ, ಪದವನ್ನು ಇಡಿಯಾಗಿ ಚಿತ್ರದ ಹಾಗೆ ಗುರುತು ಹಿಡಿಯಲಿ. ನಂದಿನಿ ಹಾಲಿನ ಪ್ಯಾಕೆಟ್ ನೋಡಿ “ನಂದಿನಿ” ಎನ್ನುತ್ತಾಳಲ್ಲ, ಹಾಗೆ. ಮನೆಯವರ ಹೆಸರುಗಳನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಊಟದ ಹೊತ್ತಿಗೆ ಯಾರ ಚೀಟಿ ಯಾರ ತಟ್ಟೆ ಪಕ್ಕ ಇಡಬೇಕು ಎಂಬ ಕೆಲಸವನ್ನು ಅವಳಿಗೆ ವಹಿಸಿ. ತಪ್ಪಿಟ್ಟರೆ ಅಪ್ಪ ಅಮ್ಮನ ತಟ್ಟೆಯಲ್ಲಿ ಊಟ ಮಾಡಲಿ, ನಗುತ್ತಾಳೆ, ಸರಿಮಾಡುತ್ತಾಳೆ.

ಶಾಲೆಯವರು ಸೇರಿಸಿಕೊಳ್ಳುವಾಗಲೇ ಬರೆದು ತೋರಿಸಿ ಎಂದರೆ? ಅಂಥ ಶಾಲೆ ಬೇಡ ಎನ್ನುವ ಅನುಕೂಲ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೂ ಕೇಳಿ ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆದು, ಆಟದ ಮೂಲಕ ಕಲಿಸಿ ಎಂದಿದೆ.

ನಾನು ಶಾಲೆಗೆ ಹೋದವಳಲ್ಲ. ಸೊಸೆ ಕೆಲಸಕ್ಕೆ ಹೋಗ್ತಾಳ, ನಾಕು ವರ್ಷದ ಮೊಮ್ಮಗ ದಿನಪೂರ್ತಿ ನನ್ನ ಕಡೀನೇ ಇರ್ತಾನ. ಓದಾಕ ಬರದ ನಾನು ಅವಂಗ ಏನು ಕಲಿಸಲಿ? ನನ್ನ ಹಳ್ಳಿ ಮಾತು ಕಲಿತು ಸಾಲ್ಯಾಗ ನಗಪಾಟಲ ಆಗ್ತಾನಂತ ಸೊಸಿ ಹೆದರ್ತಾಳ. (ದೊಡ್ಡ ಮೊಮ್ಮಗಳ ಕೈಲೆ ಬರಿಸೇನಿ.) — ಹಾವೇರಿ ಜಿಲ್ಲೆಯಿಂದ

ಅಜ್ಜಿ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ದೊಡ್ಡ ಮೊಮ್ಮಗಳೇ ಈ ಉತ್ತರವನ್ನೂ ನಿಮಗೆ ಓದಿ ಹೇಳಲಿ.

ಅಕ್ಷರ ಕಲಿಯುವ ಮೊದಲು ಮಗುವಿನ ಕಿವಿ ತಯಾರಾಗಬೇಕು. ಪದ ಎಂದರೆ ತುಂಡು ತುಂಡು ಧ್ವನಿಗಳಿಂದ ಆದದ್ದು ಎಂದು ಕಿವಿಗೆ ತಿಳಿಯಬೇಕು. ಅದಕ್ಕೆ ಪುಸ್ತಕ ಬೇಡ. “ಬಾಳೆಹಣ್ಣು” ಎನ್ನುತ್ತಾ ಬಾ-ಳೆ-ಹ-ಣ್ಣು ಎಂದು ನಾಲ್ಕು ಚಪ್ಪಾಳೆ ತಟ್ಟಿ. ಅವನ ಹೆಸರಿಗೆ ಎಷ್ಟು ಚಪ್ಪಾಳೆ, ನಿಮ್ಮ ಹೆಸರಿಗೆ ಎಷ್ಟು? ಎಮ್ಮೆಗೆ ಜಾಸ್ತಿಯೋ ಇರುವೆಗೆ ಜಾಸ್ತಿಯೋ? ಎಮ್ಮೆಗೆ ಎರಡೇ, ಇರುವೆಗೆ ಮೂರು. ಅಷ್ಟು ದೊಡ್ಡ ಎಮ್ಮೆಗೆ ಕಡಿಮೆ, ಇಷ್ಟು ಚಿಕ್ಕ ಇರುವೆಗೆ ಜಾಸ್ತಿ ಎಂದು ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ನಾವೆಲ್ಲ ಊಟ-ಗೀಟ, ಕಾಫಿ-ಗೀಫಿ, ಮನೆ-ಗಿನೆ ಅನ್ನುತ್ತೇವಲ್ಲ? ಅದನ್ನೇ ಆಟ ಮಾಡಿ. ನೀವು “ರೊಟ್ಟಿ” ಎಂದರೆ ಅವನು “ಗಿಟ್ಟಿ” ಎನ್ನಬೇಕು, “ಚಾಪೆ” ಎಂದರೆ “ಗೀಪೆ”. ಮೊದಲ ಧ್ವನಿಯನ್ನು ಕಿತ್ತು ಬೇರೆಯದನ್ನು ಕೂಡಿಸುವ ಈ ಕೆಲಸ ಓದಲು ಕಲಿಯುವವರಿಗೆ ಬಹಳ ಬೇಕಾದದ್ದು, ನೀವು ಅದನ್ನು ಜಗಲಿ ಮೇಲೆ ಕೂತು ಕಲಿಸಿರುತ್ತೀರಿ. ಒಮ್ಮೆ “ಗಿಡ” ಎಂದು ಹೇಳಿ ನೋಡಿ, ಅವನು ಏನು ಮಾಡುತ್ತಾನೆ! ಸ್ವಲ್ಪ ದೊಡ್ಡವನಾದ ಮೇಲೆ ಕ-ಭಾಷೆ ಕಲಿಸಿ. ‘ನೀನು ಬಾ’ ಎನ್ನಲು ‘ಕನೀ-ಕನು ಕಬಾ’. ನೀವೂ ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯದಿರಲಿ ಎಂದು ಆಡಿರುತ್ತೀರಿ. ಪ್ರತಿ ಅಕ್ಷರವನ್ನೂ ಬಿಡಿಸಿಕೊಳ್ಳದೆ ಅದನ್ನು ಮಾತಾಡಲು ಬರುವುದೇ ಇಲ್ಲ.

ಒಗಟು ಹೇಳಿ. ಕಥೆ ಹೇಳಿ, ಹೇಳಿದ ಕಥೆಯನ್ನೇ ಅವನ ಕೈಲಿ ವಾಪಸ್ ಹೇಳಿಸಿ. ಚಿತ್ರದ ಪುಸ್ತಕ ಸಿಕ್ಕರೆ ನಿಮಗೆ ಓದಲು ಬರಬೇಕೆಂದಿಲ್ಲ, ಚಿತ್ರ ನೋಡಿ ನಿಮ್ಮದೇ ಕಥೆ ಕಟ್ಟಿ, ಪುಟ ತಿರುಗಿಸಿ, ಮುಂದೇನಾಗಿರಬಹುದು ಎಂದು ಅವನನ್ನು ಕೇಳಿ. ಸಂಜೆ ದೊಡ್ಡ ಮೊಮ್ಮಗಳು ಅದೇ ಪುಸ್ತಕ ಓದಿದಾಗ “ನಮ್ಮಜ್ಜಿ ಬ್ಯಾರೆ ಹೇಳ್ಯಾಳ” ಎಂದು ಜಗಳ ಮಾಡಿದರೆ ಒಳ್ಳೆಯದೇ ಆಯಿತು. ಪುಟದ ಮೇಲಿರುವ ಅಕ್ಷರಗಳು ಪ್ರತಿ ಸಲವೂ ಅದನ್ನೇ ಹೇಳುತ್ತವೆ ಎಂದು ಅವನಿಗೆ ತಿಳಿಯಿತು ಎಂದರ್ಥ.

ಹಳ್ಳಿ ಮಾತಿನ ಬಗ್ಗೆ ಸೊಸೆಗೆ ಹೇಳಿ: ಏನೂ ಆಗುವುದಿಲ್ಲ. ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಹಾಗೇ ಆಡುವುದಿಲ್ಲ, ಮೈಸೂರಲ್ಲೂ ಇಲ್ಲ, ಮಂಗಳೂರಲ್ಲೂ ಇಲ್ಲ. ಎಲ್ಲ ಮಕ್ಕಳೂ ಅದನ್ನು ಹೊಸದಾಗಿಯೇ ಕಲಿಯುತ್ತಾರೆ. ಮನೆ ಮಾತು ಎಷ್ಟು ತುಂಬಿಕೊಂಡಿದೆಯೋ ಅಷ್ಟು ಬೇಗ ಅದು ಕೈಗೆ ಹತ್ತುತ್ತದೆ. ಅವನ ಬಾಯಿ ಮುಚ್ಚಿಸಿದರೆ ಎರಡೂ ಇಲ್ಲದ ಹಾಗಾಗುತ್ತದೆ.

ರಾತ್ರಿ ಎಂಟೂವರೆಗೆ ಮನೆ ಸೇರುತ್ತೇನೆ. ಮಗನಿಗೆ ಒಂದು ಪುಸ್ತಕ ಓದಿ ಹೇಳುತ್ತೇನೆ. ಸಮಸ್ಯೆ ಏನೆಂದರೆ ತಿಂಗಳಿನಿಂದ ಅದೇ ಆನೆ ಕಥೆ! ಹೊಸದು ತಂದರೆ ಬಿಸಾಡುತ್ತಾನೆ. ಒಂದು ಪದ ಬಿಟ್ಟು ಓದಿದರೂ ಹಿಡಿಯುತ್ತಾನೆ. ಇದರಿಂದ ಏನಾದರೂ ಕಲಿಯುತ್ತಾನಾ? — ಒಬ್ಬ ತಂದೆ, ಬೆಂಗಳೂರು

ಒಂದು ಪದ ಬಿಟ್ಟರೂ ಹಿಡಿಯುತ್ತಾನೆ ಎಂದು ನೀವೇ ಬರೆದಿದ್ದೀರಿ. ಕಲಿಯುತ್ತಿದ್ದಾನೆ ಸಾರ್! ಬೇಜಾರು ಆಗುತ್ತಿರುವುದು ನಿಮಗೆ, ಅವನಿಗಲ್ಲ.

ಓದುವ ರೀತಿ ಬದಲಿಸಿದರೆ ನಿಮಗೂ ಸ್ವಲ್ಪ ಹಗುರ. ಸಾಲಿನ ಕೊನೆಯ ಪದ ನುಂಗಿ ಅವನ ಮುಖ ನೋಡಿ, ಅವನು ತುಂಬಲಿ. ಒಂದು ದಿನ ಬೆರಳಿಟ್ಟು ಓದಿ, ಎಡದಿಂದ ಬಲಕ್ಕೆ ಸಾಗುತ್ತೇವೆ ಎಂದು ಕಾಣಲಿ. ಇನ್ನೊಂದು ದಿನ “ಈ ಪುಟದಲ್ಲಿ ಆನೆಯ ‘ಆ’ ಎಲ್ಲೆಲ್ಲಿದೆ” ಎಂದು ಹುಡುಕಾಟ. “ಇದೇನು? ಇದರ ಬಣ್ಣ ಏನು?” ಎಂದು ಪರೀಕ್ಷೆ ಮಾತ್ರ ಬೇಡ, ಅದು ಶಾಲೆಯಲ್ಲಿ ಹೇಗೂ ಇದೆ. “ಆನೆಗೆ ಯಾಕೆ ಕೋಪ ಬಂತು?”, “ನೀನಾಗಿದ್ದರೆ ಏನು ಮಾಡ್ತಿದ್ದೆ?” ಎಂದು ಕೇಳಿ, ಆಮೇಲೆ ಸುಮ್ನೆ ಕಾಯಿರಿ. ಕಾಯುವುದೇ ಕಷ್ಟ, ನಾವು ದೊಡ್ಡವರು ಎರಡು ಸೆಕೆಂಡಿಗೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಹೊಸ ಪುಸ್ತಕವನ್ನು ಕೈಗೆ ಕೊಡಬೇಡಿ, ಕಣ್ಣಿಗೆ ಬೀಳುವ ಹಾಗೆ ಎಲ್ಲಾದರೂ ಬಿಟ್ಟಿರಿ. ಆನೆ ಕಥೆ ತಾನಾಗಿ ಮುಗಿಯುತ್ತದೆ.

ನಾನು ಕನ್ನಡ, ಯಜಮಾನರು ತೆಲುಗು, ವೈಟ್‌ಫೀಲ್ಡ್‌ನಲ್ಲಿದ್ದೇವೆ, ಶಾಲೆ ಇಂಗ್ಲಿಷ್, ಕೆಲಸದವರು ಹಿಂದಿ. ನಾಲ್ಕು ವರ್ಷದ ಮಗಳಿಗೆ ಕನ್ನಡ ಅಕ್ಷರ ಈಗಲೇ ಶುರು ಮಾಡಿದರೆ ಗೊಂದಲ ಆಗುತ್ತಾ?

ಮಾತಿನಲ್ಲಿ ಗೊಂದಲ ಆಗುವುದಿಲ್ಲ. ನೀವು ಕನ್ನಡದಲ್ಲೇ ಮಾತಾಡಿ, ಅವರು ತೆಲುಗಿನಲ್ಲೇ ಮಾತಾಡಲಿ. ಸ್ವಲ್ಪ ದಿನ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುತ್ತಾಳೆ, ಬೆಂಗಳೂರಿನಲ್ಲಿ ಅದನ್ನು ಮಾಡದವರು ಯಾರು? ನಿಮ್ಮ ಮನೆಗೆ ಒಂದು ಲಾಭವೂ ಇದೆ, ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದವು. ಒಂದು ಬಂದರೆ ಇನ್ನೊಂದು ಅರ್ಧ ಬಂದಂತೆ.

ಅಕ್ಷರದ ವಿಷಯದಲ್ಲಿ ನನ್ನ ಅಭಿಪ್ರಾಯ ಇದು: ಶಾಲೆಯಲ್ಲಿ ಎ ಬಿ ಸಿ ಬರೆಸುತ್ತಿರುವಾಗ ಮನೆಯಲ್ಲಿ ಇನ್ನೊಂದು ಬರೆಯುವ ಪಾಠ ಬೇಡ. ಕನ್ನಡ ಅವಳಿಗೆ ಕಥೆಯ ಭಾಷೆ, ಹಾಡಿನ ಭಾಷೆ ಆಗಿರಲಿ. ಅಕ್ಷರ ಹೊರಗಡೆ ಸಿಗುತ್ತದೆ. ಅಂಗಡಿ ಬೋರ್ಡಿನಲ್ಲಿ 60% ಕನ್ನಡ ಇರಬೇಕು ಎಂಬ ನಿಯಮ 2024ರಲ್ಲಿ ಬಂದಿದೆಯಲ್ಲ, ಅದರಿಂದ ಯಾರಿಗೆ ಏನು ಉಪಯೋಗವೋ ಗೊತ್ತಿಲ್ಲ, ನಾಲ್ಕು ವರ್ಷದ ಮಕ್ಕಳಿಗಂತೂ ಬೀದಿಯೇ ಪುಸ್ತಕವಾಗಿದೆ. ಟ್ರಾಫಿಕ್‌ನಲ್ಲಿ ನಿಂತಾಗ ಅವಳ ಹೆಸರಿನ ಮೊದಲ ಅಕ್ಷರ ಎಲ್ಲಿದೆ ಹುಡುಕಿಸಿ. ವೈಟ್‌ಫೀಲ್ಡ್ ಟ್ರಾಫಿಕ್ ಅಂದ ಮೇಲೆ ಸಮಯಕ್ಕೇನೂ ಕೊರತೆ ಇಲ್ಲ.

ಮೊಬೈಲ್‌ನಲ್ಲಿ ಹಾಡು ನೋಡಿಯೇ ನಮ್ಮ ಎರಡು ವರ್ಷದ ಮಗ ಎಲ್ಲಾ ಅಕ್ಷರ ಹೇಳುತ್ತಾನೆ. ಇದು ಒಳ್ಳೆಯದೇ ಅಲ್ವಾ? — ತುಮಕೂರು

ಹೇಳುವುದು ಬೇರೆ, ಓದುವುದು ಬೇರೆ, ಮೇಲೆಯೇ ಬರೆದಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದು. ಫೋನ್ ಹಾಡು ಹೇಳುತ್ತದೆ, ಮಗು ಏನೋ ಕೇಳಿದರೆ ಉತ್ತರ ಕೊಡುವುದಿಲ್ಲ. ಅದೇ ಹಾಡನ್ನು ನೀವು ಕಲಿತು ಸ್ನಾನ ಮಾಡಿಸುವಾಗ ಹಾಡಿ. ಶ್ರುತಿ ತಪ್ಪಿದರೂ ಪರವಾಗಿಲ್ಲ.

ಒಂದನೇ ತರಗತಿ ಮುಗಿಯುತ್ತಾ ಬಂತು. ಮಗ ಬ-ಭ, ತ-ಥ, ಪ-ಷ ಎಲ್ಲಾ ಕಲಸುತ್ತಾನೆ. ದೀರ್ಘ ಬಿಟ್ಟು ಬರೆಯುತ್ತಾನೆ, ಒತ್ತಕ್ಷರ ಬಂದರೆ ನಿಂತೇ ಬಿಡುತ್ತಾನೆ. “ನಿಮ್ಮ ಹುಡುಗ ಸ್ಲೋ” ಎಂದು ಟೀಚರ್ ಡೈರಿಯಲ್ಲಿ ಬರೆದಿದ್ದಾರೆ. — ಶಿವಮೊಗ್ಗ

ಮೊದಲು ಒಂದು ಲೆಕ್ಕ. ಇಂಗ್ಲಿಷ್‌ಗೆ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆಯೇ 49. ಅದರಲ್ಲಿ 34 ವ್ಯಂಜನ, ಒಂದೊಂದಕ್ಕೂ ಕ-ದಿಂದ ಕಃ-ವರೆಗೆ 15 ರೂಪ, ಗುಣಿಸಿದರೆ 510. ಅದರ ಮೇಲೆ ಒತ್ತಕ್ಷರಗಳು. ಇಷ್ಟನ್ನು ಒಂದೇ ವರ್ಷದಲ್ಲಿ ಮುಗಿಸು ಎಂದರೆ ಯಾವ ಮಗುವಿಗೆ ಆಗುತ್ತದೆ? ಕನ್ನಡ ಮಕ್ಕಳ ಓದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ, ನಮ್ಮಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯ ಹೊತ್ತಿಗೂ ಮುಂದುವರಿಯುತ್ತಲೇ ಇರುತ್ತದೆ. ಒಂದನೇ ತರಗತಿಯ ಹುಡುಗ ಒತ್ತಕ್ಷರಕ್ಕೆ ನಿಂತರೆ ಅದು ಸ್ಲೋ ಅಲ್ಲ, ಕನ್ನಡ ಓದುವವರ ಸಹಜ ವೇಗ.

ಬ-ಭ ಕಲಸುವುದಕ್ಕೂ ಕಾರಣ ಇದೆ. ನಾವು ಮನೆಯಲ್ಲಿ ‘ಭಾರ’ವನ್ನು ‘ಬಾರ’ ಎಂದೇ ಅನ್ನುತ್ತೇವೆ. ಕಿವಿಗೆ ಕೇಳದ ವ್ಯತ್ಯಾಸವನ್ನು ಕಣ್ಣಲ್ಲಿ ನೆನಪಿಟ್ಟುಕೊಳ್ಳಬೇಕು ಅವನು. ಅದಕ್ಕೆ ಬೈದು ಪ್ರಯೋಜನವಿಲ್ಲ, ಓದುತ್ತಾ ಓದುತ್ತಾ ಬರುತ್ತದೆ. ಪ-ಷ ಕಣ್ಣಿನ ತಪ್ಪು. ಎರಡನ್ನೂ ದೊಡ್ಡದಾಗಿ ಬರೆದು ಹೊಟ್ಟೆಯೊಳಗಿನ ಗೆರೆಗೆ ಮಾತ್ರ ಬಣ್ಣ ತುಂಬಿಸಿ. ದೀರ್ಘಕ್ಕೆ ಕಿವಿಯ ಆಟ ಬೇಕು: ಬಲ-ಬಾಲ, ಮರ-ಮಾರ, ಕಡು-ಕಾಡು. ದೀರ್ಘ ಕೇಳಿದರೆ ಕೈ ಎರಡೂ ಕಡೆ ಚಾಚಬೇಕು, ಇಲ್ಲದಿದ್ದರೆ ಕಟ್ಟಿ ನಿಲ್ಲಬೇಕು. ಮನೆಯ ದೊಡ್ಡವರೂ ಆಡಲಿ, ಯಾರು ಸೋಲುತ್ತಾರೆ ನೋಡೋಣ. ಕಾಗುಣಿತವನ್ನು ನೂರು ಸಲ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ, ಐದನೇ ಸಾಲಿನ ನಂತರ ಕೈ ಬರೆಯುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ.

ಆದರೂ ಕೆಲವು ವಿಷಯ ಗಮನಿಸಿ. ಟಿವಿ ಸೌಂಡ್ ಜಾಸ್ತಿ ಮಾಡುತ್ತಾನಾ, ಕರೆದರೆ ತಿರುಗುವುದಿಲ್ಲವಾ, ಪುಸ್ತಕ ಮೂಗಿಗೆ ಹತ್ತಿರ ಹಿಡಿಯುತ್ತಾನಾ? ಹಾಗಿದ್ದರೆ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಎರಡನೇ ತರಗತಿ ಮುಗಿದರೂ ಎರಡಕ್ಷರದ ಸರಳ ಪದ ಓದಲು ಒದ್ದಾಡುತ್ತಿದ್ದರೆ, ಮಾತು ಕೂಡ ತಡವಾಗಿ ಬಂದಿದ್ದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. 1965ರಿಂದ ಇರುವ ಸರ್ಕಾರಿ ಸಂಸ್ಥೆ ಅದು, ಕನ್ನಡ ಮಕ್ಕಳನ್ನು ಕನ್ನಡದಲ್ಲೇ ಪರೀಕ್ಷಿಸುವವರು ಅಲ್ಲಿ ಇದ್ದಾರೆ. ಟೀಚರ್‌ಗೆ ಡೈರಿಯಲ್ಲಿ ಉತ್ತರ ಬರೆಯಬೇಡಿ, ಹೋಗಿ ಮಾತಾಡಿ. ಐವತ್ತು ಮಕ್ಕಳ ತರಗತಿ ನಡೆಸುವವರಿಗೂ ಅವರದೇ ಅವಸರಗಳಿರುತ್ತವೆ.

ನಮ್ಮೂರಲ್ಲಿ ಪುಸ್ತಕದ ಅಂಗಡಿ ಇಲ್ಲ. ಪೇಟೆಗೆ ಹೋದರೂ ಸಿಗುವುದು ಗೈಡ್‌ಗಳು. ಚಿಕ್ಕ ಮಕ್ಕಳ ಕನ್ನಡ ಪುಸ್ತಕ ಎಲ್ಲಿಂದ ತರುವುದು? — ಕೊಳ್ಳೇಗಾಲ ತಾಲ್ಲೂಕು

ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿದ್ದೀರಾ? ಈಗ ಅರಿವು ಕೇಂದ್ರ ಎಂದು ಬೋರ್ಡ್ ಇರಬಹುದು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಚಿಕ್ಕವನಿಗೆ ಆರು ತುಂಬಿಲ್ಲದಿದ್ದರೆ ಅಕ್ಕನ ಹೆಸರಲ್ಲೋ ಅಣ್ಣನ ಹೆಸರಲ್ಲೋ ತನ್ನಿ. ಚಿತ್ರದ ಪುಸ್ತಕ ಇಲ್ಲದಿದ್ದರೆ ಬೇಕು ಎಂದು ಬರೆದುಕೊಡಿ, ಕೇಳುವವರು ಇಲ್ಲದಿದ್ದರೆ ತರಿಸುವುದೂ ಇಲ್ಲ. ಫೋನ್ ಇದ್ದರೆ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ವೆಬ್‌ಸೈಟ್ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಮಾಡಿದ್ದು, ಕನ್ನಡದಲ್ಲಿ ಬೇಕಾದಷ್ಟು ಕಥೆಗಳಿವೆ, ದುಡ್ಡಿಲ್ಲ. ನಾಲ್ಕು ಹಂತ ಇದೆ, ಒಂದನೇ ಹಂತದಿಂದ ಹಿಡಿಯಿರಿ. ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಹೊಲಿದರೆ ಪುಸ್ತಕ ಕೈಗೆ ಬಂತು, ಫೋನ್ ಮಗುವಿನ ಕೈಗೆ ಹೋಗಲಿಲ್ಲ.

ಮನೆಯಲ್ಲೇ ಮಾಡುವುದು ಇನ್ನೂ ಚೆನ್ನ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಒಂದೊಂದು ಪುಟಕ್ಕೆ ಒಂದು ಸಾಲಿನಂತೆ ಬರೆಯಿರಿ: “ನಮ್ಮ ಕರು ತಪ್ಪಿಸಿಕೊಂಡು ಹೋಯ್ತು.” “ಅಪ್ಪ ಹುಡುಕ್ಕೊಂಡು ಹೋದ್ರು.” ಚಿತ್ರ ಮಗು ಬರೆಯಲಿ. ತಾನೇ ಹೇಳಿದ್ದು ಆದ್ದರಿಂದ ಓದುವಾಗ ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಅತ್ತೆ ಈಗಲೇ ಬಿಡಿಸು ಎನ್ನುತ್ತಾರೆ. — ಹೆಸರು ಬೇಡ

ಬಿಡಿಸಬೇಡಿ. ಪುಸ್ತಕವನ್ನು ಎದೆಯ ನೇರಕ್ಕಿಂತ ಸ್ವಲ್ಪ ಎಡಕ್ಕೆ ಇಟ್ಟು, ಮೇಲಿನ ತುದಿ ಬಲಕ್ಕೆ ವಾಲುವಂತೆ ಓರೆ ಮಾಡಿಕೊಡಿ. ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲಿ, ಬರೆದದ್ದು ಕೈಗೆ ಅಡ್ಡವಾಗುವುದಿಲ್ಲ. ಶಾಲೆಯಲ್ಲಿ ಬೆಂಚಿನ ಎಡತುದಿಯಲ್ಲಿ ಕೂರಿಸಿ ಎಂದು ಹೇಳಿಬನ್ನಿ, ಪಕ್ಕದವಳ ಮೊಣಕೈ ಜೊತೆ ದಿನಾ ಜಗಳ ತಪ್ಪುತ್ತದೆ. ಅತ್ತೆಯವರಿಗೆ ಊಟ, ಪೂಜೆಗೆ ಬಲಗೈ ಇರಲಿ ಎಂಬುದಿದ್ದರೆ ಅದನ್ನು ನೀವಿಬ್ಬರೂ ಕೂತು ಮಾತಾಡಿಕೊಳ್ಳಿ, ಪೆನ್ಸಿಲ್ ವಿಷಯಕ್ಕೆ ಮಾತ್ರ ಬರುವುದು ಬೇಡ.